ಗಂಡನ ಕಿವಿ, ಹೆಂಡತಿಯ ಮೊಣಕಾಲು

ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ತಿಳವಳ್ಳಿ ಬಸ್ಸಿಗೆ ಕಾಯುತ್ತಿದ್ದರು.

“ಅನ್ನವ್ವಕ್ಕ, ಮೊಣಕಾಲು ನೋವಿಗೆ ಚೀನಾ ಸೂಜಿ ಚುಚ್ಚಿಸಿಕೊಂಡ್ರಂತಲ್ಲ?”

“ನನಗ ಸೂಜಿ ಅಂದ್ರ ಅಂಜಿಕಿ. ನಮ್ಮನಿಯವರಿಗೆ ಚುಚ್ಚಿಸಿದೆ.”

“ನೋವು ನಿಮಗಲ್ರಿ?”

“ನಾ ಹೊತ್ತ ಹರಕಿಗೆ ಅವರೇ ಗುಡಿತನಕ ಉದ್ದಕ್ಕ ಬಿದ್ದು ದೀಡ ನಮಸ್ಕಾರ ಹಾಕಿದ್ರು. ದೇವರು ಒಪ್ಪಲಿಲ್ಲೇನು? ಈ ಸೂಜಿ ಕಿವಿಗೆ ಚುಚ್ಚಿದ್ರ ಮೊಣಕಾಲಿಗೆ ಮುಟ್ಟತೈತಂತ. ಅಷ್ಟು ದೂರ ಹೋಗೂದು, ಬಾಜೂಕ ಕುಂತ ನನ್ನ ಮೊಣಕಾಲಿಗೆ ಬರಂಗಿಲ್ಲೇನು?”

“ಕಡಿಮಿ ಆತ್ರಿ?”

“ಮುಕ್ಕಾಲು ಪಾಲು.”

“ನಮ್ಮತ್ತಿಗೆ ಸೊಂಟನೋವು. ನಾ ಚುಚ್ಚಿಸಿಕೊಳ್ಳಲೇನ್ರಿ?”

“ಚುಚ್ಚಿಸಿಕೊ ಸವಿತಾ. ಆದ್ರ ಚುಚ್ಚುವಾಗ ಮನಸಿನ್ಯಾಗ ಅತ್ತೀನ ಬೈಬಾರದು.”

ಬಸ್ಸು ಬಂತು. ಅನ್ನವ್ವ ಓಡಿಹೋಗಿ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿದರು.

“ಹಂಗಾರ ಅತ್ತೀನ್ನೇ ಕಳಿಸ್ತೇನಿ ಬಿಡ್ರಿ,” ಎನ್ನುತ್ತ ಸವಿತಾ ಹಿಂದೆ ಹತ್ತಿದಳು.