ಗೇಟಿನ ಹತ್ತಿರದ ಹಳದಿ

ಇಲ್ಲ ಮಗಳೇ, ನೀನೇ ಹೇಳು, ಈ ಚಿತ್ರದಲ್ಲಿರೋದು ನಮ್ಮ ಹೊಲವಾ? ಡಂಡೀಯಿಂದ ಇಲ್ಲೀತನಕ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ತಂದಿದೀಯ, ಅಪ್ಪನಿಗೆ ಅರವತ್ತು ತುಂಬ್ತು ಅಂತ. ಬೇಡ ಅನ್ನಲ್ಲ. ಆಸ್ಪತ್ರೆಯವರು ಕೊಟ್ಟ ಒಂದು ದಿನದ ರಜಾನೂ ನನಗೋಸ್ಕರ ಕಳೀತಿದೀಯ. ಸಂತೋಷ. ಆದರೆ ಈ ಆಕಾಶ ನೋಡು, ಬಾಣಲೆ ತಳ ಇದ್ದ ಹಾಗಿದೆ. ಹೊಲ ನೇರಳೆ. ನಲವತ್ತು ವರ್ಷ ಉತ್ತಿದೀನಿ ಐಲ್ಸಾ, ಒಂದು ದಿನವಾದರೂ ನೇಗಿಲಿಗೆ ನೇರಳೆ ಮಣ್ಣು ಹತ್ತಿದ್ದಿಲ್ಲ. ನಮ್ಮ ಗುಡ್ಡ, ಪಾಪ, ಕಾಲು ಮೇಲೆ ಮಾಡಿ ಸತ್ತ ಹಸು ಆಗಿದೆ.

ನಗು, ನಗು. ಆ ರೆನ್ನಿ ಇದನ್ನ ಬಳೀತಿದ್ದಾಗ ಊರೆಲ್ಲಾ ನಕ್ಕಿತ್ತು. ನಿನಗೆ ನೆನಪಿರಲ್ಲ, ಆರು ವರ್ಷದ ಕೂಸು ನೀನು. ಹಳ್ಳದಾಚೆ ಕುರಿಯವರ ಗುಡಿಸಲು ಬಾಡಿಗೆಗೆ ಹಿಡಿದಿದ್ದ. ಗಾಳಿಗೆ ಹಾರಿಹೋದೀತು ಅಂತ ಚಿತ್ರದ ಹಲಗೆಗೆ ಕಲ್ಲು ಕಟ್ಟಿ, ತಲೆಗೆ ಹೆಂಗಸರ ಥರ ವಸ್ತ್ರ ಸುತ್ಕೊಂಡು, ಬೆಳಗಿಂದ ಕತ್ತಲಾಗೋತನಕ ಒಂದೇ ಕಡೆ ನಿಂತಿರೋನು. ಮುಟ್ಟಿ ನೋಡು ಇಲ್ಲಿ, ಬಣ್ಣದೊಳಗೆ ಹುಲ್ಲಿನ ಬೀಜ ಅಂಟಿದೆ. ಅದೊಂದೇ ಇದರಲ್ಲಿ ನಿಜವಾಗ್ಲೂ ನಮ್ಮ ಹೊಲದ್ದು.

ಒಂದಿನ ಹೋಗಿ ಕೇಳಿದೆ, 'ಏನಪ್ಪಾ, ನನ್ನ ಕುರಿ ಎಲ್ಲಿ?' ಅಂತ. ನಾಲ್ಕು ಬಿಳಿ ಗೀರು ತೋರಿಸಿದ. 'ಇವಕ್ಕೆ ಕಾಲೇ ಇಲ್ಲವಲ್ಲ' ಅಂದೆ. 'ಡೇವಿ, ಇಲ್ಲಿಂದ ನಿನಗೆ ಕುರಿ ಕಾಲು ಕಾಣುತ್ತಾ? ನನಗೆ ಕಂಡದ್ದನ್ನ ಅಷ್ಟೇ ನಾನು ಬಳಿಯೋದು' ಅಂದ. ಕಂಡದ್ದಂತೆ. ನೇರಳೆ ಹೊಲ ಕಂಡ ಮಹಾನುಭಾವ.

ಏನು? ಯಾವುದು, ಗೇಟಿನ ಹತ್ತಿರ ಇರೋದಾ? ಆ ಹಳದಿನಾ?

ಅದೇನೋ ಹುಲ್ಲು ಕಂತೆ ಇರಬೇಕು. ಕೊಯ್ಲು ಮುಗಿದ ಮೇಲೆ ಓಟ್ಸ್ ಕಂತೆ ನಿಲ್ಲಿಸ್ತೀವಲ್ಲ, ಅದು. ಟೀ ಕುಡಿ, ಆರಿಹೋಗುತ್ತೆ. ಬೆಣ್ಣೆ ಹಚ್ಕೋ ರೊಟ್ಟಿಗೆ.

ಯಾಕೆ ತಿರುಗಿಸ್ತೀಯ? ಬೆನ್ನಲ್ಲಿ ಬರೆದಿದಾನಾ? ಓದು. 'ನವೆಂಬರ್, ನಲವತ್ತಾರು. ಮೂರು ದಿನ.'

ಮೂರು ದಿನ ಅಂತ ಬರೆದಿದಾನಾ?

ಹೌದಮ್ಮಾ, ನವೆಂಬರಲ್ಲಿ ಕಂತೆ ಇರಲ್ಲ. ಗೊತ್ತು. ಮತ್ತೆ ಟಾರ್ಪಾಲೋ ಏನೋ. ನನ್ನನ್ನೇನು ಕೇಳ್ತೀಯ, ಬಳಿದವನನ್ನ ಕೇಳು. ಅಂದಹಾಗೆ, ಇದು ನಿನಗೆ ಎಲ್ಲಿ ಸಿಕ್ತು? ಪ್ರದರ್ಶನದಲ್ಲಿ ಅಂದೆ. ಅವನೂ ಇದ್ನಾ ಅಲ್ಲಿ? ನಿನ್ನ ಹೆಸರು, ಊರು ಕೇಳಿ ಗೋಡೆಯಿಂದ ಇಳಿಸಿ ಸುಮ್ಮನೆ ಕೊಟ್ಟುಬಿಟ್ನಾ? ಯಾರಾದರೂ ಕೊಡ್ತಾರಾ ಹಾಗೆ?

ಇನ್ನೇನು ಹೇಳ್ದ?

ಅಪ್ಪ ಹೇಗಿದಾನೆ ಅಂತ ಕೇಳಿದನಾ. ಅಷ್ಟೇನಾ? ಸುಳ್ಳು ಹೇಳಬೇಡ ಐಲ್ಸಾ. ತಲೆ ಅಲ್ಲಾಡಿಸಬೇಡ. ಮೂರು ದಿನ ಹಳ್ಳದಾಚೆ ನಿಂತು ನೋಡಿದವನು, ಹದಿನೈದು ವರ್ಷ ಇಟ್ಕೊಂಡವನು, ಕೊಡುವಾಗ ಬಾಯಿ ಮುಚ್ಕೊಂಡು ಕೊಡ್ತಾನಾ? ಅವತ್ತೇ ಕೇಳಿದ್ದ ನನ್ನ, ಹೋಟೆಲಲ್ಲಿ, ಎಲ್ಲರ ಎದುರಿಗೆ: 'ಆ ಹೆಂಗಸು ಯಾರು ಡೇವಿ?' ಸೂಜಿ ದಾರ ಮಾರೋಳು ಅಂದೆ. ಗ್ಲಾಸು ನೋಡ್ತಾ ಕೂತ. ನನಗೆ ಆಗಲೇ ಗೊತ್ತಾಯ್ತು, ನಂಬಲಿಲ್ಲ ಅಂತ.

ಹಾಗೆ ನೋಡಬೇಡ. ಅವನು ಹೇಳಿರೋದು ಅರ್ಧ. ಪೂರ್ತಿ ನನ್ನಿಂದ ಕೇಳು.

ನಿಮ್ಮಮ್ಮ ಏಪ್ರಿಲಲ್ಲಿ ಬಟ್ಟೆ ಕಟ್ಕೊಂಡು ಆರ್ಬ್ರೋತ್‌ಗೆ, ಅವಳ ಅಕ್ಕನ ಮನೆಗೆ ಹೋದ್ಲು. ಅದು ನಿಜ. ನಾನು ಮಾತಾಡಲ್ಲ ಅಂತ ಅವಳ ದೂರು. ವಾರಗಟ್ಟಲೆ ಈ ಮನೇಲಿ ನಾಯಿ ಬಿಟ್ರೆ ಯಾರೂ ಬಾಯಿ ತೆರೆಯಲ್ಲ ಅಂತ. ನಿನ್ನನ್ನ ಕರ್ಕೊಂಡು ಹೋಗ್ತೀನಿ ಅಂದ್ಲು, ನಾನು ಬಾಗಿಲಿಗೆ ಅಡ್ಡ ನಿಂತೆ. ಹೋದೋಳು ಒಂದು ಸಲಾನೂ ತಿರುಗಿ ನೋಡಲಿಲ್ಲ ಅಂತ ನಿನಗೆ ಹೇಳಿದ್ದೆ.

ನೋಡಿದ್ಲು. ನವೆಂಬರಲ್ಲಿ ಬಂದ್ಲು. ಹತ್ತು ಗಂಟೆ ಬಸ್ಸಿಗೆ ಬಂದು ಗೇಟಿನ ಹತ್ತಿರ ನಿಂತು ನಾಲ್ಕು ಗಂಟೆ ಬಸ್ಸಿಗೆ ಹೋದ್ಲು. ಮಾರನೇ ದಿನ ಮತ್ತೆ. ಹಳದಿ ಕೋಟು, ಅಕ್ಕನದ್ದಿರಬೇಕು, ಅವಳಿಗೆ ದೊಡ್ಡದು. ನಿನ್ನನ್ನ ಮೊದಲನೇ ದಿನವೇ ಮೇಲಿನ ಮನೆಗೆ, ನಿನ್ನ ಅತ್ತೆ ಹತ್ತಿರ ಕಳಿಸಿದ್ದೆ, ಹಸು ಕರು ಹಾಕಿದೆ, ನೋಡ್ಕೊಂಡು ಬಾ ಅಂತ. ಕರೆಯದೆ ಒಳಗೆ ಬರಬಾರದು ಅಂತ ಅವಳ ಹಟ. ಕರೆಯಬಾರದು ಅಂತ ನನ್ನ ಹಟ. ಇದೇ ಕಿಟಕಿಯಿಂದ ನೋಡ್ತಾ ಇದ್ದೆ. ಗೇಟಿಗೆ ಅಗುಳಿ ಕೂಡ ಹಾಕಿರಲಿಲ್ಲ ಐಲ್ಸಾ.

ಮೂರನೇ ದಿನ ಹಿಮ ಬೆರೆತ ಮಳೆ. ರೆನ್ನಿ ಆ ಮಳೇಲೂ ಆಚೆ ದಡದಲ್ಲಿ ಬಳೀತಾನೇ ಇದ್ದ. ನಾನು ಗೇಟಿನ ತನಕ ಹೋದೆ. ಕರೆಯೋಣ ಅಂತಲೇ ಹೋದೆ, ಆಣೆ ಮಾಡಿ ಹೇಳ್ತೀನಿ. ಅವಳು 'ಮಗು ನನ್ನ ಕೇಳುತ್ತಾ ಡೇವಿ?' ಅಂದ್ಲು. ಹೇಗಿದೀಯ ಅನ್ನಲಿಲ್ಲ, ತಪ್ಪಾಯ್ತು ಅನ್ನಲಿಲ್ಲ, ಅದೊಂದೇ ಕೇಳಿದ್ಲು. ನನಗೆ ಎಲ್ಲಿತ್ತೋ ಸಿಟ್ಟು. 'ಇಲ್ಲ ಕಿರ್ಸ್ಟಿ, ಅವಳು ನಿನ್ನ ಮರೆತುಬಿಟ್ಟಿದಾಳೆ. ಬಂದು ಯಾಕೆ ಅಳಿಸ್ತೀಯ' ಅಂದೆ.

ನಾಲ್ಕನೇ ದಿನ ಬರಲಿಲ್ಲ. ಫೆಬ್ರವರೀಲಿ ನ್ಯುಮೋನಿಯ ಆಗಿ ತೀರ್ಕೊಂಡ್ಲು ಅಂತ ಅವಳ ಅಕ್ಕ ಕಾಗದ ಬರೆದ್ಲು. ಅದು ನಿನಗೆ ಗೊತ್ತು.

ಏನಾದರೂ ಅನ್ನು. ಬೈಯಿ. ಇದನ್ನೆಲ್ಲಾ ಅವನಿಂದ ಕೇಳ್ಕೊಂಡು ಬಂದು, ಟೀ ಮಾಡಿ ಕೊಟ್ಟು, ಎದುರಿಗೆ ಕೂತು...

ಐಲ್ಸಾ. ಯಾಕೆ ಚಿತ್ರ ಎತ್ಕೊಂಡು ಆ ಹಳದೀನ ಮೊದಲ ಸಲ ನೋಡೋ ಥರ ನೋಡ್ತಿದೀಯ?

ಅವನು ಏನೂ ಹೇಳಿರಲಿಲ್ಲ, ಅಲ್ವಾ.

ನೀನು ನಮ್ಮ ಹೊಲ ಅಂತ ಗುರುತು ಹಿಡಿದು ಅಪ್ಪನಿಗೆ ಇಷ್ಟವಾಗುತ್ತೆ ಅಂತ ತಂದಿದೀಯ. ಅಷ್ಟೇ.

ಕೂತ್ಕೋ. ಕೋಟು ಹಾಕ್ಕೊಬೇಡ. ಬಸ್ಸಿಗೆ ಇನ್ನೂ ಹೊತ್ತಿದೆ. ಸರಿ, ಹೋಗು, ತಡೆಯಲ್ಲ, ಬಾಗಿಲಿಗೆ ಅಡ್ಡ ನಿಲ್ಲಲ್ಲ ಈ ಸಲ. ಒಂದು ಮಾತು ಕೇಳಿ ಹೋಗು. ನೀನು ಅವಳನ್ನ ಮರೆತಿರಲಿಲ್ಲ. ದಿನಾ ಕೇಳ್ತಿದ್ದೆ. ಆ ಮೂರನೇ ದಿನ ಬೆಳಿಗ್ಗೆನೂ, ಅತ್ತೆ ಮನೆಯಿಂದ ಓಡಿ ಬಂದು, 'ಅಮ್ಮ ಯಾವಾಗ ಬರ್ತಾಳೆ' ಅಂತ ಕೇಳಿದ್ದೆ.