ಒದ್ದೆ ಗೋಣಿಯಲ್ಲಿ ಮೊಳೆತ ನಾಲ್ಕು ಕಾಳು

ಬೀಜದ ವ್ಯಾಪಾರಿ ಒಬ್ಬನಿದ್ದ, ಒಳ್ಳೆ ಅನುಕೂಲಸ್ಥ. ಯಾವ ಊರು ಅಂತ ಕೇಳಬೇಡಿ. ಹೇಳಿದರೆ ನಾಳೆ ಬೆಳಿಗ್ಗೆ ನಿಮ್ಮಲ್ಲಿ ಅರ್ಧ ಜನ ಅವನ ಮುಖ ನೋಡೋಕೆ ಅಂಗಡಿ ಮುಂದೆ ನಿಂತಿರ್ತೀರಿ. ನಿಮ್ಮನ್ನ ನಾನು ಬಲ್ಲೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮೆಕ್ಕೆಜೋಳದ ಬೀಜ ಬಂದರೆ ಹಾಗೇ ಮಾರುತ್ತಿರಲಿಲ್ಲ. ವ್ಯಾಪಾರಿಯ ತಾಯಿ ಪ್ರತಿ ಮೂಟೆಯಿಂದ ನೂರು ಕಾಳು ಎಣಿಸಿ ತೆಗೆದು ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದಳು. ಐದನೇ ದಿನ ಬಿಚ್ಚಿ, ಮೊಳೆತದ್ದೆಷ್ಟು ಅಂತ ನೋಡುತ್ತಿದ್ದಳು. ತೊಂಬತ್ತಕ್ಕೆ ಕಮ್ಮಿ ಬಂದರೆ ಮೂಟೆ ವಾಪಸ್. ಯಾವ ರೈತ ಬಂದು “ಬೆಳೆ ಏಳಲಿಲ್ಲ ಕಣಮ್ಮ” ಅಂದರೂ ಆಕೆಯದು ಒಂದೇ ಮಾತು: “ಮೊದಲು ಬೀಜ ನೋಡೋಣ. ನಿನ್ನ ಹೊಲಾನ ಆಮೇಲೆ ಬೈಯೋಣ.”

ಎಂಥಾ ನ್ಯಾಯವಂತೆ ನೋಡಿ. ಆದರೆ ಹೊಲಕ್ಕಿದ್ದ ಆ ನ್ಯಾಯ ಮನೆಯ ಸೊಸೆಗೆ ಇರಲಿಲ್ಲ.

ವ್ಯಾಪಾರಿಯ ಮದುವೆಯಾಗಿ ಒಂಬತ್ತು ವರ್ಷ, ಮಗು ಇಲ್ಲ. ಯಾರನ್ನ ಡಾಕ್ಟರ ಹತ್ತಿರ ಕರಕೊಂಡು ಹೋದರು? ಸೊಸೆಯನ್ನ. ಅಶ್ವತ್ಥಕಟ್ಟೆಗೆ ನೂರೆಂಟು ಸುತ್ತು ಹಾಕಿದವರು ಯಾರು? ಸೊಸೆ. ಕಹಿ ಕಷಾಯ ಕುಡಿದವರು? ಅದೂ ಸೊಸೆ. ಒಬ್ಬ ಸ್ವಾಮಿ ಬಾಳೆಹಣ್ಣು ಮಂತ್ರಿಸಿ, “ಇವಳೊಬ್ಬಳೇ ತಿನ್ನಲಿ” ಅಂತ ಕೊಟ್ಟ. ಆ ಸ್ವಾಮಿಯ ವಿಚಾರ ಆಮೇಲೆ ಹೇಳ್ತೀನಿ. ಬಸ್ಸಿನಲ್ಲಿ ಪಕ್ಕ ಕೂತವರು, “ಏನಮ್ಮಾ, ಇನ್ನೂ ಏನೂ ವಿಶೇಷ ಇಲ್ವಾ?” ಅಂತ ಕೇಳಿದ್ದೂ ಅವಳನ್ನೇ.

ಮೂರು ವರ್ಷದ ಹಿಂದೆ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು. “ನಿನ್ನ ಪರೀಕ್ಷೆ ಎಲ್ಲಾ ಸರಿ ಇದೆ. ಇನ್ನು ನಿನ್ನ ಗಂಡನದು ಮಾಡಿಸಬೇಕು.” ಅಂತ ಒಂದು ಚೀಟಿಯನ್ನೂ ಬರೆದುಕೊಟ್ಟಿದ್ದರು. ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಆ ಮಾತು ತೆಗೆದಳು. ಗಂಡ ತಟ್ಟೆ ತಳ್ಳಿ ಎದ್ದ. “ನನಗೇನಾಗಿದೆ?” ಅಂದ. ಅಷ್ಟೇ. ಚೀಟಿ ಸೀರೆಗಳ ಮಡಿಕೆಯೊಳಗೆ ಸೇರಿತು. ಅವನನ್ನ ನಾನು ಕೆಟ್ಟವನು ಅನ್ನೋದಿಲ್ಲ. ಹೆದರಿದ್ದ ಪಾಪ. ಗಂಡಸಿಗೆ ಇನ್ನೇನೇ ಕೊರತೆ ಇದ್ದರೂ ಹೇಳಿಕೊಳ್ತಾನೆ, ಇದೊಂದನ್ನ ತನ್ನೊಳಗೂ ಹೇಳಿಕೊಳ್ಳೋದಿಲ್ಲ.

ಕೊನೆಗೆ ತಾಯಿ ತೀರ್ಮಾನ ಮಾಡಿದಳು. ಸೋಮವಾರ ಸೊಸೆಯನ್ನ ತವರಿಗೆ ಬಿಟ್ಟು ಬರೋದು, ಮಗನಿಗೆ ಬೇರೆ ಹೆಣ್ಣು ನೋಡೋದು. ಸೊಸೆ ಬಟ್ಟೆ ಕಟ್ಟಿಟ್ಟಳು.

ಭಾನುವಾರ ಒಂದು ಗೋಣಿ ಬಿಚ್ಚೋದಿತ್ತು. ಅತ್ತೆ ಬಿಚ್ಚಿದಳು, ಸೊಸೆ ತಟ್ಟೆ ಹಿಡಿದಳು, ಮಗ ಪಕ್ಕದಲ್ಲಿ ನಿಂತಿದ್ದ. ನೂರು ಕಾಳಲ್ಲಿ ಮೊಳೆತಿದ್ದು ನಾಲ್ಕು.

“ತಿಪ್ಪೆಗೆ ಹಾಕು,” ಅಂದಳು ಅತ್ತೆ.

ಸೊಸೆ ತಟ್ಟೆ ಕೆಳಗಿಡಲಿಲ್ಲ. “ಅತ್ತೆ, ನಾಲ್ಕು ಮೊಳೆತಿವೆಯಲ್ಲ.”

“ನಾಲ್ಕು ಕಾಳಿಂದ ಹೊಲ ತುಂಬುತ್ತಾ?”

“ಹೊಲಕ್ಕೆ ಸಾಲದು ಅತ್ತೆ,” ಅಂದಳು ಅವಳು. “ನನಗೆ ಒಂದು ಸಾಕು.”

ಮುದುಕಿಗೆ ಅರ್ಥ ಆಗಲಿಲ್ಲ. ಸೊಸೆ ಒಳಗೆ ಹೋಗಿ, ಕಟ್ಟಿಟ್ಟ ಬಟ್ಟೆ ಬಿಚ್ಚಿ ಚೀಟಿ ತಂದಳು. “ಗಂಡಸಿನಲ್ಲಿ ವೀರ್ಯಾಣು ಎಷ್ಟೇ ಕಮ್ಮಿ ಇದ್ದರೂ, ಅದರಲ್ಲಿ ಒಂದು ಒಳ್ಳೇದನ್ನ ಆರಿಸಿ, ಕೂದಲಿಗಿಂತ ಸಣ್ಣ ಸೂಜಿಯಲ್ಲಿ ಹೆಂಗಸಿನ ಅಂಡಾಣುವಿನ ಒಳಗೆ ಇಡ್ತಾರಂತೆ ಅತ್ತೆ. ಇಕ್ಸಿ ಅಂತ ಹೆಸರು. ಆದರೆ ಮೊದಲು ಇವರ ಪರೀಕ್ಷೆ ಆಗಬೇಕಂತೆ. ಡಾಕ್ಟರಮ್ಮ ಇದನ್ನೆಲ್ಲಾ ಹೇಳಿ ಮೂರು ವರ್ಷ ಆಯ್ತು.”

ಅತ್ತೆ ಚೀಟಿ ನೋಡಿದಳು, ಮಗನನ್ನ ನೋಡಿದಳು. ಮಗ ನೆಲ ನೋಡುತ್ತಿದ್ದ. ಐವತ್ತು ವರ್ಷ ಊರಿನವರ ಬೀಜ ನೋಡಿದ ಹೆಂಗಸು ಅಲ್ಲೇ ಗೋಣಿಯ ಮೇಲೆ ಕೂತು ಅತ್ತಳು. “ಮೊದಲು ನೋಡಬೇಕಾದ್ದನ್ನ ನಾನು ನೋಡಲೇ ಇಲ್ಲವಲ್ಲೋ,” ಅಂದಳು.

ಸೋಮವಾರ ಬಸ್ಸು ಹತ್ತಿದರು. ತವರಿಗಲ್ಲ, ಆಸ್ಪತ್ರೆಗೆ. ಪರೀಕ್ಷೆಯಲ್ಲಿ ಕೊರತೆ ಅವನದೇ ಅಂತ ಗೊತ್ತಾಯಿತು. ಡಾಕ್ಟರಮ್ಮ ಅವನಿಗೆ, “ನಿಮಗೆ ಸಕ್ಕರೆ ಕಾಯಿಲೆ ಬಂದಿದ್ದರೆ ನಾಚಿಕೊಳ್ತಿದ್ದಿರಾ? ಇದೂ ಹಾಗೇ. ನಿಮ್ಮ ಗಂಡಸ್ತನಕ್ಕೂ ಇದಕ್ಕೂ ಸಂಬಂಧ ಇಲ್ಲ,” ಅಂದರು. ಅವನು ಅವತ್ತು ಮೊದಲ ಸಲ ಹೆಂಡತಿಯ ಕೈ ಎಲ್ಲರ ಮುಂದೆ ಹಿಡಿದುಕೊಂಡ.

ಚಿಕಿತ್ಸೆ ಶುರುವಾಯಿತು. ಕೊರತೆ ಗಂಡನದು, ದಿನಾ ಇಂಜೆಕ್ಷನ್ ಚುಚ್ಚಿಸಿಕೊಂಡವಳು ಹೆಂಡತಿ. ಇದನ್ನ ಗಂಡಸರು ಮರೀಬೇಡಿ. ಅವಳ ಅಂಡಾಣು ತೆಗೆದರು, ಒಂದೊಂದರೊಳಗೆ ಒಂದೊಂದೇ ವೀರ್ಯಾಣು ಇಟ್ಟರು, ಕೂಡಿ ಬೆಳೆದದ್ದನ್ನ ಅವಳ ಗರ್ಭಕ್ಕೆ ಸೇರಿಸಿದರು. ಮೊದಲ ಸಲ ನಿಲ್ಲಲಿಲ್ಲ. ಎಲ್ಲರಿಗೂ ಆಗುತ್ತೆ ಅಂತ ಡಾಕ್ಟರೂ ಮಾತು ಕೊಟ್ಟಿರಲಿಲ್ಲ, ನಾನೂ ಕೊಡೋದಿಲ್ಲ. ಅವತ್ತು ಮೂವರೂ ಒಟ್ಟಿಗೆ ಅತ್ತರು. ಒಂಬತ್ತು ವರ್ಷ ಅವಳೊಬ್ಬಳೇ ಅತ್ತಿದ್ದಳು.

ಎರಡನೇ ಸಲ ಏನಾಯ್ತು ಸ್ವಾಮೀ ಅಂತ ನಿಮ್ಮ ಮುಖಗಳೇ ಕೇಳ್ತಿವೆ. ಹೇಳೋದಿಲ್ಲ. ಆಯ್ತು ಅಂದರೆ “ಅಂತೂ ಗೆದ್ದಳು” ಅಂತ ನೆಮ್ಮದಿಯಾಗಿ ಎದ್ದು ಊಟಕ್ಕೆ ಹೋಗ್ತೀರಿ. ಆಗಲಿಲ್ಲ ಅಂದರೆ “ಪಾಪ” ಅಂತೀರಿ. ಎರಡರಲ್ಲೂ ಅವಳನ್ನ ಅಳೆಯೋ ಕೋಲು ಅದೇ.

ಇನ್ನೊಂದು ಹೇಳ್ತೀನಿ, ಅದನ್ನ ಕೇಳಿ. ಮೊದಲ ಸಲ ನಿಲ್ಲದೇ ಹೋದ ತಿಂಗಳಲ್ಲೇ ಪಕ್ಕದ ಮನೆಯಲ್ಲಿ ಸೀಮಂತ ಇತ್ತು. ಉಡಿ ತುಂಬೋಕೆ ಮಕ್ಕಳಿಲ್ಲದವಳು ಬೇಡ ಅಂತ ನಮ್ಮಲ್ಲೊಂದು ಕೆಟ್ಟ ಪದ್ಧತಿ ಇದೆಯಲ್ಲ? ಸೊಸೆ ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಅವಳ ಕೈ ಹಿಡಿದು ಒಳಗೆ ಕರಕೊಂಡು ಬಂದು, ಅಕ್ಕಿ ಕೊಬ್ಬರಿ ಅವಳ ಕೈಗೆ ಕೊಟ್ಟು, “ನನ್ನ ಸೊಸೆ ಮೊದಲು ತುಂಬ್ತಾಳೆ. ಯಾರಿಗೆ ಬೇಡವೋ ಹೇಳಿ,” ಅಂದಳು. ಬಸುರಿಯೇ ಸೆರಗು ಒಡ್ಡಿದಳು.

ಈಗ ಆ ಹಣ್ಣು ಕೊಟ್ಟ ಸ್ವಾಮಿ. ಅವನು ನಾನೇ. ಗಂಡ ಅವಳ ಪಕ್ಕದಲ್ಲೇ ನಿಂತಿದ್ದ. ನಾನವನನ್ನ ಒಂದು ಮಾತು ಕೇಳಲಿಲ್ಲ. ನೂರಾರು ಹೆಣ್ಣುಮಕ್ಕಳ ಕೈಗೆ ಹಾಗೆ ಹಣ್ಣು ಕೊಟ್ಟು ಕಳಿಸಿದ್ದೀನಿ. ತಪ್ಪು ಮಾಡಿದ್ದೀನಿ.

ಅದಕ್ಕೇ ಹೇಳ್ತಿದ್ದೀನಿ. ಮಗು ಆಗಲಿಲ್ಲ ಅಂದರೆ ಗಂಡಸೂ ಮೊದಲ ದಿನವೇ ಪರೀಕ್ಷೆಗೆ ಹೋಗಲಿ. ಅದು ನೋವಿಲ್ಲದ ಪರೀಕ್ಷೆ, ಅವಳ ಹೊಟ್ಟೆಗೆ ಕೈ ಹಾಕೋ ಮುಂಚೆ ಆಗಬೇಕಾದ್ದು. ಅತ್ತೆಯರೇ, ಮುಂದಿನ ಸೀಮಂತದಲ್ಲಿ ಬಾಗಿಲಲ್ಲಿ ನಿಂತವಳನ್ನ ಮೊದಲು ಕರೀರಿ. “ವಿಶೇಷ ಇಲ್ವಾ” ಅನ್ನೋ ಪ್ರಶ್ನೆಯನ್ನ ಇವತ್ತು ಇಲ್ಲೇ ಬಿಟ್ಟು ಹೋಗಿ. ಮಠಕ್ಕೆ ಹಣ್ಣು ಕೇಳಿ ಬರೋರು ಇಬ್ಬರೂ ಬನ್ನಿ. ಇನ್ನು ಮೇಲೆ ನಾನು ಮೊದಲು ಗಂಡನ ಕೈಗೇ ಹಣ್ಣು ಕೊಡ್ತೀನಿ, “ನಿನ್ನ ಪರೀಕ್ಷೆ ಆಯ್ತೇನಪ್ಪಾ?” ಅಂತ ಕೇಳಿ.