ದಾರಿಹೋಕ ಎಂದು ಬರೆಸಿದವನು

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಆಸ್ಪತ್ರೆಯ ಗೇಟು ಕೂಡ ಕಾಣುತ್ತಿರಲಿಲ್ಲ. ಮೊಮ್ಮಗಳ ಸರದಿಗೆ ಕಾಯುತ್ತಿದ್ದ ಅಜ್ಜಿ ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಯಾರೋ ಅಕ್ಕ-ತಮ್ಮ ಕುಳಿತಿದ್ದರು; ತಮ್ಮ ವ್ಯಾನ್ ಓಡಿಸುವವನು, ಅಕ್ಕ ಬಸ್ ಓಡಿಸುವವಳು. ಬೇಡವೆಂದರೂ ಅವರ ಪಿಸುಮಾತು ಅಜ್ಜಿಯ ಕಿವಿಗೆ ಬಿತ್ತು.

“ಸೈಕಲ್ಲಿಗೆ ಗುದ್ದಿದವನು ನೀನು. ರಿಜಿಸ್ಟರಲ್ಲಿ ‘ಕರೆತಂದವರು ದಾರಿಹೋಕರು’ ಅಂತ ಯಾಕೋ ಬರೆಸಿದೆ?”

“ನರ್ಸೇ ಹಾಗಂದುಕೊಂಡ್ರು ಅಕ್ಕ. ನಾನು ಹೂಂ ಅಂದೆ.”

“ಹೂಂ ಅನ್ನೋಕೆ ಬಾಯಿ ಇತ್ತಲ್ಲ, ಉಹೂಂ ಅನ್ನೋಕೆ ಏನಾಗಿತ್ತು?”

“ನಾನೇನು ಓಡಿ ಹೋದ್ನಾ? ನಿಲ್ಲಿಸಿದೆ, ಎತ್ಕೊಂಡು ಬಂದೆ. ಕಾನೂನು ಕೇಳೋದು ಅಷ್ಟೇ ತಾನೆ?”

“ಅದು ಅರ್ಧ. ಪೊಲೀಸರಿಗೂ ನೀನೇ ತಿಳಿಸ್ಬೇಕು. ಹೆಸರು ಹೇಳದೆ ಹೋಗೋ ಅನುಕೂಲ ಸಹಾಯಕ್ಕೆ ಬಂದವರಿಗೆ, ಗುದ್ದಿದವರಿಗಲ್ಲ.”

“ಹೇಳಿದ್ರೆ ಲೈಸೆನ್ಸ್ ಹೋಗುತ್ತೆ. ಜೈಲೂ ಆಗಬಹುದು.”

“ಮುಚ್ಚಿಟ್ರೆ ಅದಕ್ಕೇ ಬೇರೆ ಶಿಕ್ಷೆ ಇದೆ ಕಣೋ.”

“ಸೈಕಲ್ಲಿನವರ ಕಾಲು ಮುರಿದಿದೆ ಅಕ್ಕ. ಅವರ ಹೆಂಡತಿ ನನ್ನ ಕೈ ಹಿಡ್ಕೊಂಡು ‘ದೇವರ ಹಾಗೆ ಬಂದೆ ಅಣ್ಣಾ’ ಅಂತ ಅತ್ತರು. ಅವರಿಗೆ ಹೇಗೆ ಹೇಳ್ಲಿ?”

“ಓಹೋ! ಹಾಗಾದ್ರೆ ಆ ದೇವರೇ ಎದ್ದು ಹೋಗಿ ಹೇಳ್ಲಿ.”

ಆಮೇಲೆ ಬೆಂಚು ಕಿರುಗುಟ್ಟಿತು. ಅಜ್ಜಿ ಕಣ್ಣು ತೆರೆದಳು. ತಮ್ಮ ಕೌಂಟರಿನ ಮುಂದೆ ನಿಂತಿದ್ದ.

“ಸಿಸ್ಟರ್, ದಾರಿಹೋಕ ಅನ್ನೋದನ್ನ ಹೊಡೆದುಹಾಕಿ. ಗುದ್ದಿದ ಡ್ರೈವರ್ ಅಂತ ಬರೀರಿ. ನನ್ನ ಹೆಸರೂ ಬರ್ಕೊಳ್ಳಿ. ಸ್ಟೇಷನ್ನಿಗೆ ಈಗಲೇ ಹೋಗ್ತೀನಿ.”

ವಾರ್ಡಿನ ಬಾಗಿಲಲ್ಲಿ ಕುಳಿತಿದ್ದ ಗಾಯಾಳುವಿನ ಹೆಂಡತಿಯ ಬಳಿ ಹೋಗಿ ಬಾಗಿ ಏನೋ ಹೇಳಿದ. ಆಕೆ ತಲೆಯೆತ್ತಿ ಅವನನ್ನೇ ನೋಡಿದಳು. ರಕ್ತ ಹತ್ತಿದ್ದ ತನ್ನ ಶರ್ಟಿನ ಮೇಲೆ ಹಾಕಿಕೊಳ್ಳಲೆಂದು ಆಕೆಯೇ ಕೊಟ್ಟಿದ್ದ ಗಂಡನ ಸ್ವೆಟರನ್ನು ಅವನು ಕಳಚಿ, ಮಡಚಿ, ಆಕೆಯ ಕೈಗಿಟ್ಟು, ಅಕ್ಕನ ಹಿಂದೆ ಹೊರಟ.